ಬಾಲಿಯ ಬೆಂಕಾಲಾ: ಊರಿಗೆ ಊರೇ ಸನ್ನೆ ಕಲಿತದ್ದು ಹೇಗೆ?

ಹಾಸನದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಬೆಂಕಾಲಾ ಎಂಬ ಹಳ್ಳಿ ಇದೆ, ಅಲ್ಲಿ ಕಿವಿ ಕೇಳುವವರೂ ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ಹೋದ ಸಂಚಿಕೆಯಲ್ಲಿ ಒಂದು ಪುಟ್ಟ ಬರಹ ಹಾಕಿದ್ದೆವು. ಅದರ ಮೇಲೆ ಅವರ ತಕರಾರು ಇದು: 'ಪ್ರವಾಸಿಗರಿಗೆ ಹೇಳುವ ಕಥೆ ಥರ ಇದೆ. ನಾಲ್ಕಾರು ಕಿವುಡರಿಗೋಸ್ಕರ ಇಡೀ ಊರು ಒಂದು ಭಾಷೆ ಕಲಿಯುತ್ತಾ? ಅಲ್ಲಿಯವರು ಅಷ್ಟು ಒಳ್ಳೆಯವರಾ? ಕಾರಣ ಸಂಬಂಧದ ಒಳಗಿನ ಮದುವೆ ಇರಬೇಕು, ಅದನ್ನು ನಿಲ್ಲಿಸಿದರೆ ಮುಗೀತಲ್ಲ. ಅಷ್ಟಕ್ಕೂ ನಮ್ಮ ಪತ್ರಿಕೆ ಬಾಲಿಗೆ ಯಾಕೆ ಹೋಗಬೇಕಿತ್ತು?'

ಸರ್, ಅನುಮಾನ ಪಟ್ಟಿದ್ದು ಒಳ್ಳೆಯದೇ ಆಯಿತು. ಪುಟ್ಟ ಬರಹದಲ್ಲಿ ಹಿಡಿಸದೇ ಹೋದದ್ದನ್ನು ಹೇಳೋಕೆ ನೆಪ ಸಿಕ್ಕಿತು.

ಮೊದಲು ಲೆಕ್ಕ ನೋಡೋಣ. 1995ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದ ಪ್ರಕಾರ ಆಗ ಬೆಂಕಾಲಾದಲ್ಲಿ ಇದ್ದವರು 2,185 ಜನ. ಅವರಲ್ಲಿ ಹುಟ್ಟಿನಿಂದಲೇ ಪೂರ್ತಿ ಕಿವಿ ಕೇಳದವರು 47. ಅಂದರೆ ನೂರಕ್ಕೆ ಇಬ್ಬರು ಚಿಲ್ಲರೆ. ಇಂಟರ್ನೆಟ್ಟಿನಲ್ಲಿ 'ಕಿವುಡರ ಹಳ್ಳಿ', 'ಮೌನದ ಊರು' ಅಂತೆಲ್ಲ ವಿಡಿಯೊ ಹಾಕುತ್ತಾರಲ್ಲ, ಅದೆಲ್ಲ ಸುಮ್ನೆ. ಬಾಲಿಯ ಬೇರೆ ಹಳ್ಳಿಗಳಲ್ಲಿ ಎಷ್ಟು ಗದ್ದಲ ಇರುತ್ತೋ ಇಲ್ಲೂ ಅಷ್ಟೇ, ಕೋಳಿ, ಬೈಕು, ಹಬ್ಬದ ದಿನ ಗಾಮೆಲಾನ್ ವಾದ್ಯ ಎಲ್ಲ ಇದೆ. ಆದರೆ ಸಾಮಾನ್ಯವಾಗಿ ಸಾವಿರ ಮಕ್ಕಳು ಹುಟ್ಟಿದರೆ ಒಬ್ಬರಿಗೋ ಇಬ್ಬರಿಗೋ ಇರುವ ತೊಂದರೆ ಇದು. ಅದಕ್ಕೆ ಹೋಲಿಸಿದರೆ ನೂರಕ್ಕೆ ಎರಡು ಅಂದರೆ ತುಂಬಾ ಜಾಸ್ತಿ.

ನಿಮ್ಮ 'ಅಷ್ಟು ಒಳ್ಳೆಯವರಾ' ಎಂಬ ಪ್ರಶ್ನೆಗೆ ಉತ್ತರವೂ ಇದೇ ಲೆಕ್ಕದಲ್ಲಿದೆ. ಎರಡು ಸಾವಿರ ಜನರ ಊರಲ್ಲಿ 47 ಜನ ಹಂಚಿಹೋದರೆ ಯಾರೂ ತಪ್ಪಿಸಿಕೊಳ್ಳೋಕೆ ಆಗಲ್ಲ. ಬಾಲಿಯಲ್ಲಿ ಒಂದೇ ಕಾಂಪೌಂಡಿನೊಳಗೆ ಅಣ್ಣ ತಮ್ಮಂದಿರ, ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಗಳಿರುತ್ತವೆ, ಅಂಗಳ ಎಲ್ಲರದ್ದೂ. ಒಬ್ಬನಿಗೆ ಮಾವ ಕೊಲೊಕ್ (ಅಲ್ಲಿ ಕಿವಿ ಕೇಳದವರನ್ನು ಹಾಗೆನ್ನುತ್ತಾರೆ), ಇನ್ನೊಬ್ಬಳಿಗೆ ತಂಗಿ, ಮತ್ತೊಬ್ಬನಿಗೆ ಪಕ್ಕದ ತೋಟದವನು. ಮಕ್ಕಳು ಆಟ ಆಡುತ್ತಲೇ ಕಲಿತುಬಿಡುತ್ತಾರೆ. ಪಾಪ ಅಂತ ಯಾರೂ ಕಲಿತದ್ದಲ್ಲ, ಕಲಿಯದಿದ್ದರೆ ಇವರ ಕೆಲಸವೇ ನಡೆಯಲ್ಲ. ಎಲ್ಲರಿಗೂ ಒಂದೇ ಥರ ಬರುತ್ತೆ ಅಂತಲೂ ಅಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸನ್ನೆ ಬರುತ್ತದೆ. ಅದರಲ್ಲಿ ಕಿವಿ ಕೇಳದ ಅಣ್ಣನ ಜೊತೆ ಬೆಳೆದವರು ಪಟಪಟ ಮಾತಾಡುತ್ತಾರೆ, ಉಳಿದವರದ್ದು ವ್ಯಾಪಾರಕ್ಕೆ ಸಾಕಾಗುವಷ್ಟು.

ಈ ಭಾಷೆಯ ಹೆಸರು ಕಾತಾ ಕೊಲೊಕ್. ಐದಾರು ತಲೆಮಾರಿನಿಂದ ಅಲ್ಲೇ ಹುಟ್ಟಿ ಬೆಳೆದದ್ದು. ಬಾಲಿನೀಸ್ ಮಾತನ್ನು ಕೈಗೆ ಇಳಿಸಿದ್ದಲ್ಲ, ಇಂಡೊನೇಷ್ಯಾದ ಪಟ್ಟಣಗಳ ಸನ್ನೆ ಭಾಷೆಗೂ ಇದಕ್ಕೂ ಸಂಬಂಧವಿಲ್ಲ. ಹೇಗಿರುತ್ತೆ ಅಂತ ಒಂದು ಉದಾಹರಣೆ ಕೊಡ್ತೀನಿ. 'ಬೆಳಗ್ಗೆ ಒಂಬತ್ತಕ್ಕೆ ಬಾ' ಅನ್ನಬೇಕು ಅಂದುಕೊಳ್ಳಿ. ಹೇಳುವವನು ಯಾವ ಕಡೆ ಮುಖ ಮಾಡಿ ನಿಂತಿದ್ದರೂ ಸರಿ, ತೋಳು ಮೂಡಣಕ್ಕೇ ಹೋಗುತ್ತದೆ, ಒಂಬತ್ತು ಗಂಟೆಗೆ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೋ ಅಷ್ಟು ಏರಿ ನಿಲ್ಲುತ್ತದೆ. ಎದುರಿಗೆ ಇಲ್ಲದವರ ಬಗ್ಗೆ ಮಾತಾಡುವಾಗ ಅವರ ಮನೆ ನಿಜವಾಗಿ ಯಾವ ದಿಕ್ಕಿನಲ್ಲಿದೆಯೋ ಅಲ್ಲಿಗೆ ಬೆರಳು ತೋರಿಸುತ್ತಾರೆ. ಊರಿನ ನಕ್ಷೆ ತಲೆಯಲ್ಲಿ ಇಲ್ಲದವನಿಗೆ ಅರ್ಧ ಮಾತು ಅರ್ಥವೇ ಆಗಲ್ಲ. ಬಣ್ಣಕ್ಕೆ ಇರುವುದು ನಾಲ್ಕೇ ಸನ್ನೆ: ಬಿಳಿ, ಕಪ್ಪು, ಕೆಂಪು, ಮತ್ತೆ ಹಸಿರು ನೀಲಿ ಎರಡಕ್ಕೂ ಸೇರಿ ಒಂದು. ಬೇರೆ ಬಣ್ಣ ಬೇಕಾದರೆ ಹತ್ತಿರದಲ್ಲಿ ಆ ಬಣ್ಣದ್ದು ಏನಿದೆಯೋ ಅದನ್ನು ತೋರಿಸಿದರೆ ಆಯಿತು. ಕಡಿಮೆ ಅನಿಸಬಹುದು, ಆದರೆ ಇವರು ಮಾತಾಡುವುದು ಹುಟ್ಟಿದಾಗಿನಿಂದ ಗೊತ್ತಿರುವವರ ಜೊತೆಗೇ ಅಲ್ವಾ, ಅಷ್ಟರಲ್ಲೇ ನಡೆಯುತ್ತದೆ.

ಈಗ ಕಾರಣಕ್ಕೆ ಬರೋಣ. ಊರಿನವರು ಹೇಳುವ ಕಥೆ ಶಾಪದ್ದು: ಮಂತ್ರಶಕ್ತಿ ಇದ್ದ ಇಬ್ಬರು ಜಗಳ ಆಡಿಕೊಂಡು ಒಬ್ಬರಿಗೊಬ್ಬರು ಕಿವುಡಾಗು ಅಂತ ಶಪಿಸಿದರಂತೆ. ಇನ್ನೊಂದು ಕಥೆಯಲ್ಲಿ ಕಿವಿ ಕೇಳದ ಒಬ್ಬ ದೇವರೇ ಇದ್ದಾನೆ. ವಿಜ್ಞಾನಿಗಳು ಹುಡುಕಿದ್ದು 17ನೇ ಕ್ರೋಮೊಸೋಮಿನ ಒಂದು ಜೀನನ್ನು. ಅದು ಕೆಟ್ಟರೆ ಒಳಕಿವಿಯಲ್ಲಿ ಶಬ್ದ ಹಿಡಿಯುವ ಸೂಕ್ಷ್ಮ ರೋಮಗಳು ಸರಿಯಾಗಿ ಬೆಳೆಯುವುದಿಲ್ಲ. 1995ರಲ್ಲಿ ಅದು ಇರುವ ಜಾಗ ಗೊತ್ತಾಯಿತು, 1998ರಲ್ಲಿ ಜೀನೇ ಸಿಕ್ಕಿತು. ನಿಮಗೆ ಆಶ್ಚರ್ಯ ಆಗಬಹುದು, ಆ ಹುಡುಕಾಟದಲ್ಲಿ ಬೆಂಕಾಲಾದ ಜೊತೆಗೆ ಭಾರತದ ಎರಡು ಕುಟುಂಬಗಳೂ ಇದ್ದವು. ಅವರಿಗೂ ಬಾಲಿಗೂ ನೆಂಟಸ್ತನ ಏನೂ ಇಲ್ಲ, ಅದೇ ಜೀನು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಕೆಟ್ಟಿದೆ.

'ಸಂಬಂಧದ ಮದುವೆ ನಿಲ್ಲಿಸಿದರೆ ಮುಗೀತು' ಅಂದಿರಿ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ಇದೆಯಲ್ಲ, ಅದರಿಂದ ಇಂಥ ಸಾಧ್ಯತೆ ಹೆಚ್ಚುತ್ತದೆ ಅಂತ ಡಾಕ್ಟರುಗಳು ಹೇಳುವುದು ನಿಜ. ಬೆಂಕಾಲಾದಲ್ಲಿ ವಿಷಯ ಅದಕ್ಕಿಂತ ಆಳಕ್ಕೆ ಹೋಗಿದೆ. ಕೆಟ್ಟ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಕಿವಿ ಕೇಳಲ್ಲ, ಒಬ್ಬರಿಂದ ಬಂದರೆ ಕೇಳುತ್ತದೆ. ಅಲ್ಲಿ ಕಿವಿ ಕೇಳುವವರಲ್ಲೇ ಹೆಚ್ಚುಕಡಿಮೆ ಆರರಲ್ಲಿ ಒಬ್ಬರು ಆ ಕೆಟ್ಟ ಜೀನನ್ನು ಹೊತ್ತಿದ್ದಾರೆ ಅಂತ ಅಂದಾಜು ಮಾಡಿದ್ದರು. ಹತ್ತಿರದ ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೂ ಇಬ್ಬರಲ್ಲೂ ಅದು ಇದ್ದುಬಿಡಬಹುದು. ಆಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಊರು ಹಳೆಯದು ಬೇರೆ. 1181ರ, ಅಂದರೆ ಶಕವರ್ಷ 1103ರ ತಾಮ್ರಶಾಸನದಲ್ಲಿ ಬೆಂಕಾಲಾದ ಹೆಸರಿದೆ, ಹೊರಡಿಸಿದ್ದು ಜಯಪಂಗುಸ್ ಎಂಬ ರಾಜ. (ಹೌದು, ನಮ್ಮ ಪಂಚಾಂಗದ ಅದೇ ಶಕ. ಬಾಲಿಯವರು ಇವತ್ತಿಗೂ ಅದನ್ನೇ ಎಣಿಸುತ್ತಾರೆ, ಅವರ ಹೊಸವರ್ಷ ನ್ಯೇಪಿ ಬರುವುದು ನಮ್ಮ ಯುಗಾದಿಯ ಆಸುಪಾಸಿನಲ್ಲೇ.)

ಹಾಗಂತ ಇದು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಗುಂಡಿ ತೋಡಿ ಹೆಣ ಹೂಳುವ ಕೆಲಸ ಬಹುಪಾಲು ಕೊಲೊಕ್ ಗಂಡಸರದ್ದು. ಸ್ಮಶಾನದ ದೆವ್ವಗಳ ಕೂಗು ಅವರಿಗೆ ಕೇಳಲ್ಲ, ಅದಕ್ಕೆ ಹೆದರಲ್ಲ ಅಂತ ಊರಿನವರು ಕಾರಣ ಕೊಡುತ್ತಾರೆ. ನೀರಿನ ಪೈಪು ರಿಪೇರಿ, ಊರಿನ ಕಾವಲು ಸಹ ಅವರ ಪಾಲಿಗೆ ಬಂದಿವೆ. ನಂಬಿಕೆಯ ಕೆಲಸ, ಗೌರವದ್ದು ಅಂತ ಬರೆಯುವವರಿದ್ದಾರೆ. ನನಗೇನೋ ಬೇರೆಯವರು ಬೇಡ ಅಂದ ಕೆಲಸವೂ ಅದರಲ್ಲಿ ಸೇರಿಕೊಂಡಿದೆ ಅನಿಸುತ್ತದೆ. ಉತ್ತರ ಬಾಲಿಯ ಈ ಒಣ ಭಾಗದಲ್ಲಿ ದಕ್ಷಿಣದ ಬೀಚುಗಳ ದುಡ್ಡು ಇಲ್ಲ. ಕೊಲೊಕ್ ಕುಟುಂಬಗಳಲ್ಲಿ ಎಷ್ಟೋ ಜನ ದನ, ಹಂದಿ ಸಾಕಿಕೊಂಡು, ಕೂಲಿ ಮಾಡಿಕೊಂಡು ಬದುಕುತ್ತಾರೆ. ಕೆಲವರು ಬಟ್ಟೆ ನೇಯುತ್ತಾರೆ, ಜಾಂಗೆರ್ ಕೊಲೊಕ್ ಎಂಬ ಕುಣಿತದ ತಂಡವೂ ಇದೆ. ಭಾಷೆ ಇದೆ ಅಂದಮಾತ್ರಕ್ಕೆ ಹೊಟ್ಟೆ ತುಂಬಲ್ಲ.

ಶಾಲೆಯ ಕಥೆಯಂತೂ ವಿಚಿತ್ರ. ಊರಿಗೆಲ್ಲ ಸನ್ನೆ ಬರುತ್ತಿತ್ತು, ಶಾಲೆಗೆ ಬರುತ್ತಿರಲಿಲ್ಲ. ಕೊಲೊಕ್ ಮಕ್ಕಳನ್ನು ಉಳಿದವರ ಜೊತೆ ಕೂರಿಸಿ ಕಾತಾ ಕೊಲೊಕ್‌ನಲ್ಲೇ ಪಾಠ ಹೇಳುವ ವ್ಯವಸ್ಥೆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶುರುವಾದದ್ದು 2007ರಲ್ಲಿ. ಮುಂದೆ ಓದಬೇಕಾದರೆ ದ್ವೀಪದ ಆ ತುದಿಯಲ್ಲಿರುವ ಜಿಂಬಾರನ್‌ನ ವಸತಿ ಶಾಲೆಗೆ ಹೋಗಬೇಕು. ಅಲ್ಲಿ ಹುಡುಗ ಹುಡುಗಿಯರು ಪಟ್ಟಣದ ಸನ್ನೆ ಭಾಷೆ ಕಲಿಯುತ್ತಾರೆ, ಬೇರೆ ಊರುಗಳ ಕಿವಿ ಕೇಳದ ಗೆಳೆಯರು ಸಿಗುತ್ತಾರೆ, ಅವರಲ್ಲೇ ಒಬ್ಬರನ್ನು ಮದುವೆ ಆಗುತ್ತಾರೆ. ಇಬ್ಬರೂ ಬೆಂಕಾಲಾದವರೇ ಆಗಿದ್ದರೆ ಮಕ್ಕಳೆಲ್ಲರೂ ಕೊಲೊಕ್ ಆಗುತ್ತಿದ್ದರು. ಹೊರಗಿನ ಸಂಗಾತಿಯ ಕಿವುಡಿಗೆ ಕಾರಣ ಬೇರೆಯೇ ಇರುವುದರಿಂದ ಮಕ್ಕಳಿಗೆ ಸಾಮಾನ್ಯವಾಗಿ ಕಿವಿ ಕೇಳುತ್ತದೆ. ಹೀಗೆ ಊರಿನಲ್ಲಿ ಕೊಲೊಕ್ ಮಕ್ಕಳು ಹುಟ್ಟುವುದು ಕಡಿಮೆಯಾಗುತ್ತಿದೆ. ಈ ಭಾಷೆ ಉಳಿಯುವುದು ಕಷ್ಟ ಅಂತ ಅದನ್ನು ಅಭ್ಯಾಸ ಮಾಡಿದವರು ಹೇಳುತ್ತಿದ್ದಾರೆ. ನೀವಂದ ಹಾಗೆ, ಯಾರೂ ಏನೂ ನಿಲ್ಲಿಸದೆಯೇ ಮುಗಿಯುತ್ತಾ ಬಂದಿದೆ. ಭಾಷೆ ಉಳಿಸೋಕೆ ನೀವು ಊರಲ್ಲೇ ಇರಿ ಅಂತ ಆ ಹುಡುಗರಿಗೆ ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ದಾಖಲೆ ಮಾಡಿಕೊಳ್ಳುತ್ತಿದ್ದಾರೆ, ವಿಡಿಯೊ ಮಾಡಿಟ್ಟಿದ್ದಾರೆ. ಅಷ್ಟಾದರೂ ಆಗಿದೆ.

ಇನ್ನು ಬಾಲಿಗೆ ಯಾಕೆ ಹೋದಿರಿ ಅಂತ. ಒಳ್ಳೆ ಏಟು ಕೊಟ್ಟಿರಿ, ಯಾಕೆಂದರೆ ಇಂಥದ್ದೇ ಊರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಶಿಯಾ ಮುಸ್ಲಿಮರು ಹೆಚ್ಚಾಗಿರುವ ಊರು, ಹರಳು ಕೆತ್ತನೆ ಮತ್ತು ಅದರ ವ್ಯಾಪಾರಕ್ಕೆ ಹೆಸರುವಾಸಿ. ಬೆಂಕಾಲಾಕ್ಕಿಂತ ಎಷ್ಟೋ ದೊಡ್ಡದು. ಮದುವೆಗಳು ಹೆಚ್ಚಾಗಿ ಸಮುದಾಯದ ಒಳಗೇ ಆಗುವುದರಿಂದ ಅಲ್ಲಿ ಕಿವಿ ಕೇಳದವರು ನೂರಕ್ಕೂ ಮೇಲಿದ್ದಾರೆ, ಅವರದ್ದೇ ಆದ ಸನ್ನೆ ಭಾಷೆ ಇದೆ, ಕಿವಿ ಕೇಳುವ ನೆಂಟರು ಅಕ್ಕಪಕ್ಕದವರಿಗೂ ಅದು ಬರುತ್ತದೆ. ಭಾಷಾಶಾಸ್ತ್ರದವರು ಅದನ್ನು ಅಲೀಪುರ ಸನ್ನೆ ಭಾಷೆ ಅಂತಲೇ ಕರೆಯುತ್ತಾರೆ. ಅದರ ಮೇಲೂ ಈಗ ಭಾರತೀಯ ಸನ್ನೆ ಭಾಷೆಯ ಪ್ರಭಾವ ಜೋರಾಗಿದೆ. ಬೆಂಕಾಲಾ ಬಗ್ಗೆ ಜಗತ್ತಿನವರೆಲ್ಲ ಬರೆದಿದ್ದಾರೆ, ಬೆಂಗಳೂರಿಂದ ಒಂದೆರಡು ಗಂಟೆ ದಾರಿಯ ಅಲೀಪುರದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ.

ಅಲೀಪುರದವರು, ಅಲ್ಲಿಗೆ ನೆಂಟಸ್ತನ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಮಗೆ ಬರೆಯಿರಿ. ಬರೆಯುವುದು ರಗಳೆ ಅನಿಸಿದರೆ ಸನ್ನೆಯಲ್ಲೇ ವಿಡಿಯೊ ಮಾಡಿ ಕಳಿಸಿ, ಜೊತೆಗೆ ಏನು ಹೇಳಿದಿರಿ ಅಂತ ನಾಲ್ಕು ಸಾಲು ಕನ್ನಡದಲ್ಲೋ ಉರ್ದುವಿನಲ್ಲೋ ಇದ್ದರೆ ಸಾಕು. ಹಾಸನದ ಸರ್, ಅದು ಬಂದ ಕೂಡಲೇ ಮೊದಲ ಪ್ರತಿ ನಿಮಗೇ.