ಅಮ್ಮನ ಹಾಡು ಫೋನಿನಲ್ಲಿದೆ, ನನಗೆ ಬರುವುದಿಲ್ಲ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದ ಪ್ರಕರಣ.)

ಸಲಹೆ ಕೇಳಿ ನನ್ನಲ್ಲಿಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ತಾಯಿ ತೀರಿಕೊಂಡು ವರ್ಷ ದಾಟಿತ್ತು. ಯಾವ ಪುಸ್ತಕದಲ್ಲೂ ಇಲ್ಲದೆ, ಬಾಯಿಂದ ಬಾಯಿಗೆ ಬಂದಿದ್ದ ತಾಯಿಯ ಪ್ರಾರ್ಥನೆಯ ಹಾಡುಗಳನ್ನು ಅವರು ಎರಡು ವರ್ಷಗಳ ಕಾಲ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಸಾವಿನ ನಂತರ, ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಆ ಧ್ವನಿಯನ್ನೇ ಹಾಕಿಕೊಂಡು ಕಣ್ಣುಮುಚ್ಚಿ ಕೂರುವುದು ರೂಢಿಯಾಯಿತು. ಒಂದು ಸಂಜೆ ಫೋನು ಕೆಟ್ಟಿದ್ದಾಗ ಎಂಟು ವರ್ಷದ ಮಗಳು, “ಅಮ್ಮ, ಇವತ್ತು ನೀನೇ ಹಾಡು” ಎಂದಳು. ಎರಡನೆಯ ಸಾಲಿನಾಚೆ ಒಂದು ಪದವೂ ನೆನಪಿಗೆ ಬರಲಿಲ್ಲ.

“ಅಮ್ಮನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗಾಯಿತು ಮೇಡಂ. ಅವಳು ಹಾಡುವಾಗ ನಾನು ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಎಂದು ಪರದೆಯನ್ನೇ ನೋಡುತ್ತಿದ್ದೆ, ಜೊತೆಗೆ ಹಾಡಲಿಲ್ಲ” ಎಂದು ಅವರು ಬಹಳ ಹೊತ್ತು ಅತ್ತರು.

ಆ ಮೊದಲ ಭೇಟಿಯಲ್ಲಿ ನಾನು ಅವಸರಪಟ್ಟು, ಒಂದು ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಫೋನನ್ನು ದೂರವಿಡಿ ಎಂದೆ. ಅವರ ಮುಖ ಬಾಡಿತು. ಅವರ ಪಾಲಿಗೆ ಅದು ಬರಿಯ ಯಂತ್ರವಲ್ಲ, ತಾಯಿಯ ಧ್ವನಿ ಉಳಿದಿರುವ ಒಂದೇ ಜಾಗ ಎಂಬುದು ನನಗೆ ಆಗ ಹೊಳೆಯಿತು, ಮಾತನ್ನು ಹಿಂತೆಗೆದುಕೊಂಡೆ.

ಧ್ವನಿಮುದ್ರಿಸಿಕೊಂಡದ್ದು ತಪ್ಪಲ್ಲ, ಅದಿಲ್ಲದಿದ್ದರೆ ಹಾಡುಗಳೇ ಇರುತ್ತಿರಲಿಲ್ಲ ಎಂದು ಮೊದಲು ಅವರಿಗೆ ಸ್ಪಷ್ಟಪಡಿಸಿದೆ. ಮರೆವಿಗೂ ಪ್ರೀತಿಯ ಕೊರತೆಗೂ ಸಂಬಂಧವಿಲ್ಲ ಎಂಬುದನ್ನು ವಿವರಿಸಲು ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಹೇಳಿದೆ: ವಸ್ತುಸಂಗ್ರಹಾಲಯದಲ್ಲಿ ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದುಕೊಂಡ ವಸ್ತುಗಳು ಜನರಿಗೆ ಮರುದಿನ ಕಡಿಮೆ ನೆನಪಿದ್ದವು, ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ತೆಗೆದಾಗ ಆ ನಷ್ಟ ಕಾಣಲಿಲ್ಲ. ಹಾಡಿಗೂ ಇದು ಹಾಗೆಯೇ ಅನ್ವಯಿಸುತ್ತದೆಂದು ನಾನು ಹೇಳಲಾರೆ. ಆದರೂ, ಸಾಧನವೊಂದು ಇಟ್ಟುಕೊಳ್ಳುತ್ತದೆ ಎಂಬ ಭರವಸೆಯಲ್ಲಿ ಮನಸ್ಸು ತನ್ನ ಹಿಡಿತವನ್ನು ಸಡಿಲಿಸುವುದುಂಟು ಎಂಬಷ್ಟು ತಿಳಿದಾಗಲೇ ಅವರ ಅಪರಾಧಭಾವ ತುಸು ಇಳಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಪ್ರಾರ್ಥನೆ ಅವರು ಮಾಡುವ ಕೆಲಸವಾಗಿ ಉಳಿಯದೆ, ಅವರು ಕೇಳಿಸಿಕೊಳ್ಳುವ ವಸ್ತುವಾಗಿತ್ತು. ಉಸಿರು, ಗಂಟಲು, ತಪ್ಪಿದ ತಾಳ, ಯಾವುದೂ ಅದರಲ್ಲಿ ಅವರದಾಗಿರಲಿಲ್ಲ. ಅಷ್ಟರ ಮೇಲೆ, ಹಾಡಿನ ನಡುವೆ ಕಚೇರಿಯ ಸಂದೇಶದ ಸದ್ದು ಬಂದರೆ ಕೈ ತಾನಾಗಿ ಅತ್ತ ಹೋಗುತ್ತಿತ್ತು.

ಹೀಗಾಗಿ ನಾನು ಕೊಟ್ಟ ಸಲಹೆ ಕ್ರಮವನ್ನು ತಿರುಗಿಸುವುದಾಗಿತ್ತು. ಒಂದೇ ಹಾಡನ್ನು ಆರಿಸಿಕೊಂಡು, ನೆನಪಿದ್ದಷ್ಟನ್ನು ಮೊದಲು ತಾವೇ ಹಾಡಬೇಕು; ತಡವರಿಸಿದ ಸಾಲನ್ನು ಮಾತ್ರ ಕೇಳಿ, ಧ್ವನಿ ನಿಲ್ಲಿಸಿ, ಮತ್ತೆ ಹಾಡಬೇಕು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿರುತ್ತದೆ, ನೆನಪಿನಿಂದ ತೆಗೆದು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿರುತ್ತದೆ. ಆದ್ದರಿಂದ ಮೊದಲ ಕೆಲವು ದಿನ ಸೋತಂತೆ ಅನಿಸುತ್ತದೆ, ಅದಕ್ಕೆ ಹೆದರಬೇಡಿ ಎಂದು ಮುಂಚಿತವಾಗಿಯೇ ಎಚ್ಚರಿಸಿದೆ. ಧ್ವನಿಮುದ್ರಣಗಳ ಪ್ರತಿಗಳನ್ನು ಇನ್ನೆರಡು ಕಡೆ ಇಟ್ಟು, ಕೇಳಲು ಸಂದೇಶಗಳು ಬಾರದ ಬೇರೊಂದು ಸಾಧನವನ್ನು ಬಳಸಲು ತಿಳಿಸಿದೆ. ಮಗಳೊಂದಿಗೆ ಹಾಡುವುದನ್ನು ಮಾತ್ರ ಯಾವ ಕಾರಣಕ್ಕೂ ಮುದ್ರಿಸಬೇಡಿ ಎಂದೆ. ತಾಯಿಯ ಧ್ವನಿ ಕೇಳಿದ ದಿನಗಳಲ್ಲಿ ನಿದ್ರೆ ಅಥವಾ ದಿನದ ಕೆಲಸ ಕೆಡುತ್ತಿದ್ದರೆ, ಅದನ್ನು ದುಃಖದ ಪ್ರಶ್ನೆಯಾಗಿಯೇ ಪ್ರತ್ಯೇಕವಾಗಿ ನೋಡೋಣ ಎಂದೂ ಹೇಳಿದೆ.

ಆರು ವಾರಗಳ ನಂತರ ಅವರು ಒಂದು ಹಾಡನ್ನು ಪೂರ್ತಿ ಹಾಡಬಲ್ಲವರಾಗಿದ್ದರು. ಒಂದು ಪದ ತಪ್ಪಿದರೂ ಅಮ್ಮನಿಗೆ ಮೋಸ ಮಾಡಿದಂತೆ ಎಂಬ ಅಳುಕು ಅವರಲ್ಲಿ ಉಳಿದಿತ್ತು. ಸಾಲು ಸಾಲಾಗಿ ಹೋಲಿಸಿ ಕೇಳುವಾಗಲೇ, ತಾಯಿ ಅದೇ ಸಾಲನ್ನು ಎರಡು ಮುದ್ರಣಗಳಲ್ಲಿ ಎರಡು ಬಗೆಯಾಗಿ ಹಾಡಿರುವುದು ಅವರಿಗೆ ಗೊತ್ತಾಗಿತ್ತು. “ಇದರಲ್ಲಿ ಯಾವುದು ಸರಿ ಮೇಡಂ?” ಎಂದು ಕೇಳಿದರು. ನಿಮ್ಮ ಬಾಯಿಗೆ ಯಾವುದು ಬರುತ್ತದೆ ಎಂದು ನಾನು ಕೇಳಿದೆ. ಅವರು ಎರಡನ್ನೂ ಹಾಡಿ ತೋರಿಸಿದರು.