ಹೂಂ ಅನ್ನುವವರಿಲ್ಲದ ಮಾತು

ಆತ್ಮೀಯರೆ,

ಧಾರವಾಡದಿಂದ ನಮಸ್ಕಾರ. ನಿಮ್ಮ ‘ಕೆಂಪು ಮಣ್ಣು’ ಕಥೆ ತಲುಪಿತು. ಎರಡು ಸಲ ಓದಿದೆ, ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು. ಈಗಿರುವ ರೂಪದಲ್ಲಿ ಇದನ್ನು ನಾನು ಪ್ರಕಟಿಸಲಾರೆ. ಆದರೆ ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲು ಬರೆದು ಹಿಂದಿರುಗಿಸುವ ಕಥೆಯೂ ಇದಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಜೊತೆಗಿಟ್ಟ ಪತ್ರದಲ್ಲಿ ನೀವು, “ಇದು ಕಲ್ಪನೆ ಸರ್, ವಿಜ್ಞಾನ ಹುಡುಕಬೇಡಿ, ಭಾವ ನೋಡಿ” ಎಂದಿದ್ದೀರಿ. ನಾನು ಭಾವವನ್ನೇ ನೋಡಿದೆ. ಅದು ಎಲ್ಲಿ ಕೈಕೊಟ್ಟಿದೆ ಎಂದು ಹುಡುಕುತ್ತ ಹೋದರೆ ಪ್ರತಿ ಸಲವೂ ಆ ಫೋನಿನ ಹತ್ತಿರವೇ ಬಂದು ನಿಂತೆ.

2140ನೆಯ ಇಸವಿ. ಮಂಗಳ ಗ್ರಹದ ನೀರಿನ ಕಾರ್ಖಾನೆಯಲ್ಲಿ ದುಡಿಯುವ ಬಸವರಾಜ. ಇತ್ತ ಲಕ್ಷ್ಮೇಶ್ವರದ ಮನೆಯಲ್ಲಿ ಅವನ ಅಪ್ಪ ತೀರಿಕೊಂಡಿದ್ದಾನೆ. ಪಡಸಾಲೆಯಲ್ಲಿ ಹೆಣ ಕೂಡಿಸಿದ್ದಾರೆ, ರಾತ್ರಿಯಿಡೀ ಭಜನೆ ನಡೆದಿದೆ. ಮಗ ವಿಡಿಯೊ ಕಾಲ್ ಮಾಡುತ್ತಾನೆ. “ಅವ್ವಾ, ಅಪ್ಪನ ಮುಖ ತೋರಿಸು” ಅನ್ನುತ್ತಾನೆ. ನೀಲವ್ವ ಫೋನು ತಿರುಗಿಸುತ್ತಾಳೆ. ಅವನು ಬಿಕ್ಕುತ್ತಾನೆ, ಅವಳು “ಅಳಬ್ಯಾಡೋ ಯಪ್ಪಾ” ಅನ್ನುತ್ತಾಳೆ. ನಿಮ್ಮ ಕಥೆಯ ಜೀವ ಇರುವುದು ಈ ದೃಶ್ಯದಲ್ಲಿ. ಹೀಗೆ ನಡೆಯುವುದು ಸಾಧ್ಯವೇ ಇಲ್ಲದ ದೃಶ್ಯವೂ ಇದೇ.

ಬೆಳಕಾಗಲಿ ರೇಡಿಯೊ ಅಲೆಯಾಗಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ಮಂಗಳ ನಮಗೆ ಅತಿ ಹತ್ತಿರ ಬಂದಾಗ ನಡುವಿನ ದೂರ ಸುಮಾರು 5.5 ಕೋಟಿ ಕಿಲೋಮೀಟರ್, ಅತಿ ದೂರ ಹೋದಾಗ 40 ಕೋಟಿ. ಮಾತು ಒಂದು ದಿಕ್ಕಿಗೆ ಹೋಗಲು 3ರಿಂದ 22 ನಿಮಿಷ ಬೇಕು, ಮರುಮಾತು ಬರಲು ಮತ್ತೆ ಅಷ್ಟೇ. “ಅಪ್ಪನ ಮುಖ ತೋರಿಸು” ಎಂಬ ಮಾತು ಲಕ್ಷ್ಮೇಶ್ವರ ಮುಟ್ಟಿ, ಆ ಮುಖ ಅವನ ಪರದೆಗೆ ಬರುವ ಹೊತ್ತಿಗೆ ಮುಕ್ಕಾಲು ತಾಸು ಕಳೆದಿರಬಹುದು. ಅಷ್ಟರಲ್ಲಿ ಹೆಣ ಎತ್ತಿದ್ದರೆ?

ಈ ತೊಡಕು ನಿಮಗೆ ಗೊತ್ತಿದ್ದಂತಿದೆ. ಗೊತ್ತಿದ್ದೇ ಮೂರನೆಯ ಪುಟದಲ್ಲಿ ‘ಕ್ವಾಂಟಂ ಫೋನ್’ ತಂದು ಅದನ್ನು ದಾಟಿಬಿಟ್ಟಿರಿ. ಆ ಫೋನನ್ನು ಕಿತ್ತುಹಾಕಿ. ಕ್ವಾಂಟಂ ವಿಜ್ಞಾನ ಹೇಳುವಂತೆ, ಒಂದರ ಸ್ಥಿತಿಗೆ ಇನ್ನೊಂದರದು ಹೆಣೆದುಕೊಂಡ ಎರಡು ಕಣಗಳಲ್ಲಿ ಒಂದನ್ನು ಇಲ್ಲಿ ಅಳೆದರೆ ಅಲ್ಲಿಯದಕ್ಕೂ ನಂಟು ಕಾಣುತ್ತದೆ, ನಿಜ. ಆದರೆ ಅಳತೆಯಲ್ಲಿ ಏನು ಬರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಅದರ ಮೇಲೆ ಒಂದಕ್ಷರದ ಸುದ್ದಿಯನ್ನೂ ಹೇರಿ ಕಳಿಸಲಾಗದು. ಎರಡೂ ಕಡೆಯ ಅಳತೆಗಳನ್ನು ಹೋಲಿಸಿ ನೋಡುವುದಕ್ಕೂ ಮಾಮೂಲಿ ಸಂದೇಶವೇ ಬೇಕು, ಅದು ಬೆಳಕಿನ ವೇಗದಲ್ಲೇ ಬರಬೇಕು.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ ಎಂದು ಬರೆದಿದ್ದೀರಿ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಕಥೆ ಹೇಳುವಾಗ ಒಬ್ಬರು ‘ಹೂಂ’ ಅನ್ನುತ್ತಿರಬೇಕು. ನನ್ನ ಅಜ್ಜಿ ನಾವು ಹೂಂ ಅನ್ನುವುದನ್ನು ಮರೆತರೆ ಕಥೆ ನಿಲ್ಲಿಸಿಬಿಡುತ್ತಿದ್ದಳು, “ಮಲಗಿದ್ರೇನು?” ಎಂದು ಕೇಳಿ, ಉತ್ತರ ಬಾರದಿದ್ದರೆ ದೀಪ ಸಣ್ಣದು ಮಾಡುತ್ತಿದ್ದಳು. ನಾವು ದಿನವೂ ಬಳಸುವ ಇಂಟರ್ನೆಟ್ಟಿನ ಸ್ವಭಾವವೂ ಇದೇ. 1974ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞರಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅದಕ್ಕೊಂದು ಮಾತಿನ ಕಟ್ಟಳೆ ಹಾಕಿದರು, ಅದೇ ಮುಂದೆ ಟಿಸಿಪಿ ಆಯಿತು. ಮಾತು ಶುರುವಾಗುವ ಮೊದಲೇ “ಇದ್ದೀಯಾ?” “ಇದ್ದೇನೆ, ಹೇಳು” ಎಂದು ಆಗಬೇಕು. ಆಮೇಲೂ ಕಳಿಸಿದ ಮಾತಿಗೆ ಆ ಕಡೆಯಿಂದ ಹೂಂ ಬರುತ್ತಿರಬೇಕು. ಬರದಿದ್ದರೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಿ ನೋಡಿ, ಕೊನೆಗೆ ಕೈಬಿಡುತ್ತದೆ. ಧಾರವಾಡಕ್ಕೂ ಅಮೆರಿಕಕ್ಕೂ ನಡುವೆ ಈ ಹೂಂ ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ. ಚಂದ್ರನಿಂದ ಬರಲು ಎರಡೂವರೆ ಸೆಕೆಂಡು, ತಡವರಿಸುತ್ತ ಮಾತಾಡಬಹುದು. ಮಂಗಳ 20 ನಿಮಿಷದ ದೂರದಲ್ಲಿದ್ದರೆ ಮೊದಲ ಅಕ್ಷರ ಹೊರಡುವ ಮೊದಲೇ 40 ನಿಮಿಷ ಬೇಕು. ಅಜ್ಜಿ ಎಂದೋ ದೀಪ ಆರಿಸಿ ಮಲಗಿರುತ್ತಾಳೆ.

ಅದೇ ವಿಂಟ್ ಸರ್ಫ್ 1998ರಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರ ಜೊತೆ ಕೂತು ಗ್ರಹಗಳ ನಡುವಿನ ಇಂಟರ್ನೆಟ್ ಹೇಗಿರಬೇಕು ಎಂದು ಯೋಚಿಸಿದರು. ಅದರಿಂದ ಬೆಳೆದ ‘ಬಂಡಲ್ ಪ್ರೋಟೋಕಾಲ್’ 2007ರಲ್ಲಿ ಬರಹಕ್ಕೆ ಬಂತು. 2008ರ ನವೆಂಬರಿನಲ್ಲಿ ಸುಮಾರು 3.2 ಕೋಟಿ ಕಿಲೋಮೀಟರ್ ದೂರದಲ್ಲಿದ್ದ ನೌಕೆಯೊಂದರ ಜೊತೆ ನಾಸಾ ಈ ಪದ್ಧತಿಯನ್ನು ಪರೀಕ್ಷಿಸಿತು. ಬಂಡಲ್ ಅಂದರೆ ಗಂಟು, ಪ್ರೋಟೋಕಾಲ್ ಅಂದರೆ ಕಟ್ಟಳೆ. ಹೇಳಬೇಕಾದುದನ್ನೆಲ್ಲ ಒಂದೇ ಗಂಟು ಕಟ್ಟಿ ಮುಂದಿನ ಠಾಣೆಗೆ ಒಪ್ಪಿಸುವುದು. ಮುಂದಿನ ದಾರಿ ತೆರೆಯುವವರೆಗೆ ಅದು ಅಲ್ಲೇ ಜೋಪಾನ. ತೆರೆದ ಕೂಡಲೇ ಮುಂದಕ್ಕೆ. ನಿಮ್ಮೂರಿನ ಟಪಾಲು ಚೀಲ ನೆನೆಸಿಕೊಳ್ಳಿ. ಅದು ಹುಬ್ಬಳ್ಳಿಯ ರೈಲ್ವೆ ಟಪಾಲು ಕಚೇರಿಯಾದ ಆರ್‌ಎಂಎಸ್‌ಗೆ ಬಂದು, ವಿಂಗಡವಾಗಿ, ತನ್ನ ರೈಲು ಬರುವವರೆಗೆ ಕಾಯುತ್ತದೆ. ಬರೆದವರು ಬಾಗಿಲಲ್ಲಿ ನಿಂತು ಹೂಂ ಕೇಳಿಸಿಕೊಳ್ಳಬೇಕಿಲ್ಲ. ಗಂಟನ್ನು ಕೈಗೆ ತೆಗೆದುಕೊಂಡ ಠಾಣೆಯೇ ಸಹಿ ಹಾಕಿ ಹೊಣೆ ಹೊರುವ ಏರ್ಪಾಟು ಕೂಡ ಆ 2007ರ ಬರಹದಲ್ಲಿದೆ, ಹಿಂದಿನ ರಜಿಸ್ಟರ್ಡ್ ಟಪಾಲಿನ ಹಾಗೆ.

ಈಗಲೂ ಮಂಗಳದ ಮೇಲೆ ಓಡಾಡುವ ರೋವರ್‌ಗಳು ಹೆಚ್ಚಿನ ಮಾಹಿತಿಯನ್ನು ನೇರವಾಗಿ ಭೂಮಿಗೆ ಕಳಿಸುವುದಿಲ್ಲ. ತಲೆಯ ಮೇಲೆ ಹಾದುಹೋಗುವ ಉಪಗ್ರಹಕ್ಕೆ ಆ ಕೆಲವೇ ನಿಮಿಷಗಳಲ್ಲಿ ಒಪ್ಪಿಸಿಬಿಡುತ್ತವೆ, ಹಳ್ಳಿಯ ಏಕೈಕ ಬಸ್ಸಿಗೆ ಕಾದು ಬುತ್ತಿ ಕಳಿಸಿದ ಹಾಗೆ. ನಿಮ್ಮ ಕಾಲದಲ್ಲಿ ಅಂಥ ಉಪಗ್ರಹಗಳು ಬೇಕಾದಷ್ಟಿರಲಿ. ತಡ ಮಾತ್ರ ಹೋಗುವುದಿಲ್ಲ. ತಂತ್ರಜ್ಞಾನ ಬೆಳೆದಂತೆ ಇದೂ ಸರಿಯಾಗುತ್ತದೆ ಎಂದು ನಿಮ್ಮ ಪಾತ್ರವೊಂದು ಹೇಳುತ್ತದೆ. ಬೆಳೆಯುವುದು ಪೈಪಿನ ಅಗಲ. 2023ರ ಡಿಸೆಂಬರ್ 11ರಂದು ನಾಸಾದ ಸೈಕಿ ನೌಕೆ 3.1 ಕೋಟಿ ಕಿಲೋಮೀಟರ್ ದೂರದಿಂದ ಲೇಸರ್ ಬೆಳಕಿನಲ್ಲಿ ಬೆಕ್ಕಿನ ವಿಡಿಯೊ ಒಂದನ್ನು ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ ಕಳಿಸಿತು. ನಮ್ಮ ಎಷ್ಟೋ ಮನೆಗಳ ಕನೆಕ್ಷನ್‌ಗಿಂತ ಅದು ಹೆಚ್ಚು. ಆದರೂ ಆ ಬೆಕ್ಕು ಭೂಮಿ ಮುಟ್ಟಲು 101 ಸೆಕೆಂಡು ಹಿಡಿಯಿತು.

ಇನ್ನು ಈ ತಡ ನಿಮ್ಮ ಕಥೆಗೆ ಏನು ಕೊಡುತ್ತದೆ ಎಂಬುದು. ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ.

ನಾನು ಹಾವೇರಿಯಲ್ಲಿ ಬೆಳೆದವನು. ನಮ್ಮಣ್ಣ ಮಿಲಿಟರಿ ಸೇರಿ ಅಸ್ಸಾಮಿನಲ್ಲಿದ್ದ. ಅವನ ಕಾಗದ ಬರಲು ಹತ್ತು ಹನ್ನೆರಡು ದಿನ. ಅವ್ವನಿಗೆ ಓದುಬರಹ ಇರಲಿಲ್ಲ, ಅವಳು ಹೇಳುತ್ತಿದ್ದಳು, ನಾನು ಇನ್‌ಲ್ಯಾಂಡ್ ಕಾಗದದಲ್ಲಿ ಬರೆಯುತ್ತಿದ್ದೆ. ಒಂದು ಸಲ ಅಣ್ಣ, “ಬಿಳಿ ಎತ್ತಿನ ಕಾಲು ವಾಸಿ ಆಯಿತೇ?” ಎಂದು ಕೇಳಿದ್ದ. ಕಾಗದ ಬಂದಾಗ ಆ ಎತ್ತನ್ನು ಸಂತೆಯಲ್ಲಿ ಮಾರಿ ನಾಲ್ಕು ದಿನವಾಗಿತ್ತು. ಅವ್ವ ಬಹಳ ಹೊತ್ತು ಸುಮ್ಮನಿದ್ದು, “ವಾಸಿ ಆಗೇತಿ ಅಂತ ಬರಿ” ಅಂದಳು. ಮರುಪ್ರಶ್ನೆ ಬರಲು ಇನ್ನೂ ಇಪ್ಪತ್ತು ದಿನವಿದೆ ಎಂದು ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಆಗಿದ್ದರೆ ಅವಳ ದನಿಯೇ ಹೇಳಿಬಿಡುತ್ತಿತ್ತು.

ತಡವಿದ್ದಲ್ಲಿ ಜನ ಹೀಗೆ ಮಾತಾಡುತ್ತಾರೆ. ಕೇಳುವ ಮೊದಲೇ ಉತ್ತರ ಹೇಳುತ್ತಾರೆ. ಆ ಕಡೆಯವರು ಏನನ್ನಬಹುದು ಎಂದು ಊಹಿಸಿ, ಆ ಊಹೆಗೇ ಸಮಾಧಾನ ಹೇಳುತ್ತಾರೆ. ಸುಳ್ಳು ಹೇಳಲು ಸಮಯ ಸಿಗುತ್ತದೆ. ಜಗಳದ ಕಾಗದವೂ ರಾಜಿಯ ಕಾಗದವೂ ದಾರಿಯಲ್ಲಿ ಒಂದನ್ನೊಂದು ದಾಟಿಹೋಗುತ್ತವೆ. ನೀಲವ್ವ “ಅಳಬ್ಯಾಡ” ಅನ್ನಬೇಕಾದರೆ ಮಗ ಅತ್ತದ್ದನ್ನು ನೋಡಿ ಅನ್ನಲಾರಳು. ಅವನು ಅಳುತ್ತಾನೆ ಎಂದು ಮೊದಲೇ ತಿಳಿದು, ಸಾವಿನ ಸುದ್ದಿ ಹೇಳುವ ಅದೇ ಗಂಟಿನಲ್ಲಿ ಆ ಮಾತನ್ನೂ ಕಟ್ಟಿ ಕಳಿಸಬೇಕು. ಈಗಿನ ದೃಶ್ಯಕ್ಕಿಂತ ಇದು ಎಷ್ಟು ಆಳವಾದದ್ದು ಎಂದು ಕಾಣುತ್ತದೆಯೇ?

ನೀವು ಬಳಸದೇ ಬಿಟ್ಟದ್ದು ಇನ್ನೂ ಇದೆ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಭೂಮಿಗೂ ಮಂಗಳಕ್ಕೂ ನಡುವೆ ಬರುತ್ತಾನೆ. ಆಗ ಎರಡು ವಾರದಷ್ಟು ಕಾಲ ಸಂಪರ್ಕ ಕೆಡುತ್ತದೆ, ನಾಸಾ ತನ್ನ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ನಮ್ಮ ಮಂಗಳಯಾನವೂ 2015ರ ಜೂನ್‌ನಲ್ಲಿ ಇಂಥ ಮೌನದೊಳಗೆ ಹೋಗಿ ಬಂತು. ಆ ದಿನಗಳಲ್ಲಿ ಮಂಗಳ ಆಕಾಶದಲ್ಲಿ ಕಣ್ಣಿಗೂ ಕಾಣುವುದಿಲ್ಲ, ಸೂರ್ಯನ ಬೆಳಕಿನಲ್ಲೇ ಮುಳುಗಿರುತ್ತದೆ. ಅತಿ ಹತ್ತಿರ ಬಂದ ದಿನಗಳಲ್ಲಿ ಹೊತ್ತು ಮುಳುಗುವಾಗ ಮೂಡಣದಲ್ಲಿ ಹುಟ್ಟಿ ರಾತ್ರಿಯಿಡೀ ಕೆಂಪಗೆ ಉರಿಯುತ್ತದೆ. ಅಂದರೆ ನೀಲವ್ವನಿಗೆ ಯಾವ ಯಂತ್ರವೂ ಬೇಕಿಲ್ಲ. ಮಾಳಿಗೆ ಹತ್ತಿ ನೋಡಿದರೆ ಮಗನ ಮಾತು ಬೇಗ ಬರುವ ಕಾಲವೋ, ತಡವಾಗುವ ಕಾಲವೋ, ಬಾರದೇ ಇರುವ ಕಾಲವೋ ಎಂದು ಅವಳಿಗೆ ತಿಳಿಯುತ್ತದೆ. ಮಳೆ ನಕ್ಷತ್ರ ಲೆಕ್ಕ ಹಾಕುವ ಹೆಂಗಸು ಇದನ್ನು ಲೆಕ್ಕ ಹಾಕದಿರುತ್ತಾಳೆಯೇ? ಅಪ್ಪನ ಸಾವು ಆ ಎರಡು ವಾರದಲ್ಲಿ ಆದರೆ ಏನಾಗುತ್ತದೆ, ಯೋಚಿಸಿ.

2140ರಲ್ಲಿ ಸೂರ್ಯನನ್ನು ಬಳಸಿಹೋಗುವ ದಾರಿ ಇರುತ್ತದಲ್ಲ ಎಂದು ನೀವು ವಾದಿಸಬಹುದು. ಇರಲಿ. ಭೂಮಿಯ ಕಕ್ಷೆಯಲ್ಲೇ 60 ಡಿಗ್ರಿ ಮುಂದೆ ಅಥವಾ ಹಿಂದೆ ಒಂದು ಠಾಣೆ ಇಟ್ಟರೆ ಬಳಸುದಾರಿ ಸಿಗುತ್ತದೆ. ಆದರೆ ಎರಡು ಗ್ರಹಗಳ ಮಾತೆಲ್ಲ ಆ ಒಂದೇ ಓಣಿಯಲ್ಲಿ ಹಾಯಬೇಕಾದಾಗ ಸರತಿ ಬೀಳುತ್ತದೆ. ನಾನು ಹೇಳಿದ ಆ 2007ರ ಬರಹದಲ್ಲಿ ಗಂಟುಗಳಿಗೆ ಮೂರು ದರ್ಜೆಗಳಿವೆ: ನಿಧಾನಕ್ಕೆ ಹೋದರೆ ಸಾಕಾದವು, ಸಾಮಾನ್ಯ, ತುರ್ತು. ಪ್ರತಿ ಗಂಟಿಗೂ ಒಂದು ಆಯುಷ್ಯವೂ ಇದೆ, ಅದು ಮುಗಿದರೆ ಗಂಟನ್ನು ದಾರಿಯಲ್ಲೇ ಎಸೆಯಬಹುದು. ಲಕ್ಷ್ಮೇಶ್ವರದ ಒಬ್ಬ ರೈತನ ಸಾವು ಯಾವ ದರ್ಜೆ? ಅದನ್ನು ತೀರ್ಮಾನಿಸುವವರು ಯಾರು? ನಿಮ್ಮ ಕಥೆಯಲ್ಲಿ ಖಳನಾಯಕ ಬೇಕೆಂದು ಒಬ್ಬ ಗಣಿ ಮಾಲೀಕನನ್ನು ತಂದಿದ್ದೀರಿ. ಅವನ ಬದಲು ಈ ಸರತಿಯಲ್ಲಿ ಕೂತ ಒಬ್ಬ ಗುಮಾಸ್ತನನ್ನು ತನ್ನಿ, ಒಳ್ಳೆಯವನನ್ನೇ ತನ್ನಿ.

ಸಣ್ಣ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಬಸವರಾಜ ಮಣ್ಣಿನ ಖರ್ಚಿಗೆ ಮೊಬೈಲಿನಿಂದ ದುಡ್ಡು ಕಳಿಸುತ್ತಾನೆ, ಅಂಗಡಿಯವನಿಗೆ ಕೂಡಲೇ ಮುಟ್ಟುತ್ತದೆ. ಮಂಗಳ ದೂರವಿದ್ದಾಗ, ಹತ್ತು ನಿಮಿಷದಲ್ಲಿ ಹಾಕಬೇಕಾದ ಓಟಿಪಿ ಬಸವರಾಜನನ್ನು ಮುಟ್ಟುವ ಮೊದಲೇ ಸತ್ತಿರುತ್ತದೆ. ಅಂಗಡಿಯವನು ನಂಬಿಕೆಯ ಮೇಲೆ ಉದ್ರಿ ಕೊಡಲಿ, ಪಾತ್ರವೂ ಬೆಳೆಯುತ್ತದೆ. ಬಸವರಾಜ ಮಂಗಳದಲ್ಲಿ ಕೂತು ಭೂಮಿಯ ವೆಬ್‌ಸೈಟ್‌ಗಳನ್ನು ನಮ್ಮಂತೆಯೇ ತೆರೆಯುತ್ತಾನೆ. ಹಾಗಾಗದು. ಅಲ್ಲಿಯವರು ಹಗೇವಿನಲ್ಲಿ ಜೋಳ ತುಂಬಿದ ಹಾಗೆ ಬೇಕಾದುದರ ನಕಲನ್ನು ಅಲ್ಲೇ ತುಂಬಿಟ್ಟುಕೊಂಡಿರಬೇಕಾಗುತ್ತದೆ. ಹೆಚ್ಚು ಜನ ಕೇಳುವ ಕ್ರಿಕೆಟ್ಟು, ಸಿನಿಮಾ, ಪಾಠ ಅಲ್ಲಿ ಸಿಗುತ್ತವೆ, ತೆರೆದ ಕೂಡಲೇ ಬರುತ್ತವೆ. ತನ್ನ ಓಣಿಯ ಒಂದು ಫೋಟೊ ಬೇಕಾದರೆ ಹೇಳಿ ಕಳಿಸಿ ಕಾಯಬೇಕು. ಈ ನೋವು ನಿಮ್ಮ ಕಥೆಯಲ್ಲಿ ಎಲ್ಲೂ ಇಲ್ಲ.

ಭಾಷೆಯ ಬಗ್ಗೆ ಒಂದೇ ದೂರು. ನೀಲವ್ವ ಅಳುವಾಗ ನಿಮ್ಮೂರಿನ ಮಾತಾಡುತ್ತಾಳೆ, ಉಳಿದ ಕಡೆ “ಮಗನೇ, ನೀನು ಕ್ಷೇಮವಾಗಿರುವೆಯಾ” ಎಂದು ಪಠ್ಯಪುಸ್ತಕ ಓದುತ್ತಾಳೆ. “ಉಂಡೇನೋ ಬಸೂ?” ಎಂದು ಕೇಳಿಸಿ. 40 ನಿಮಿಷ ಕಾದು ಪಡೆಯುವ ಉತ್ತರಕ್ಕೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇಕಿಲ್ಲ.

ವಿಜ್ಞಾನ ಸೇರಿದರೆ ಕಥೆ ಒಣಗುತ್ತದೆ ಎಂಬ ಅಂಜಿಕೆ ಬಿಡಿ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕಕ್ಷೆ ಸೇರುವಾಗ ನಾನು ಟಿವಿ ಮುಂದೆ ಕೂತಿದ್ದೆ. ಮಾಡಬೇಕಾದ ಆದೇಶಗಳನ್ನೆಲ್ಲ ದಿನಗಳ ಮೊದಲೇ ನೌಕೆಗೆ ಕಳಿಸಿ ಆಗಿತ್ತು. ಅಲ್ಲಿ ಆದದ್ದು ಇಲ್ಲಿ ತಿಳಿಯಲು ಸುಮಾರು 12 ನಿಮಿಷ. ಬೆಂಗಳೂರಿನ ಆ ಕೋಣೆಯಲ್ಲಿ ಕೂತವರಿಗೆ ಆ ಗಳಿಗೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಆಗಿಹೋದ ಸಂಗತಿಯ ಸುದ್ದಿಗಾಗಿ ಎಲ್ಲರೂ ಉಸಿರು ಹಿಡಿದಿದ್ದರು. ನಿಮ್ಮ ನೀಲವ್ವನನ್ನು ಆ ಕೋಣೆಯಲ್ಲಿ ಕೂತವಳಂತೆ ಕಲ್ಪಿಸಿಕೊಳ್ಳಿ.

ಮೂರು ತಿಂಗಳು ತೆಗೆದುಕೊಳ್ಳಿ. ಮೊದಲ ಎರಡು ಪುಟಗಳ ಯಂತ್ರಗಳ ಪಟ್ಟಿ, ಕ್ವಾಂಟಂ ಫೋನು, ಗಣಿ ಮಾಲೀಕ, ಇವಿಷ್ಟೂ ಹೋಗಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ. ಆದರೆ ಏಳನೆಯ ಪುಟದಲ್ಲಿ, ಮಣ್ಣು ಮುಗಿಸಿ ಬಂದವರೆಲ್ಲ ಹೋದ ಮೇಲೆ ನೀಲವ್ವ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಬುಟ್ಟಿಯಲ್ಲಿ ಮುಚ್ಚಿಡುವ ಆರು ಸಾಲುಗಳಿವೆಯಲ್ಲ, ಅವನ್ನು ಮುಟ್ಟಬೇಡಿ.

ನಿಮ್ಮ,
ಸಂಪಾದಕ