ಕರಗುವ ದಾರ ಕರಗದೆ ಹೊರಬಂದರೆ?

ಪ್ರಶ್ನೆ: ಸಿಸೇರಿಯನ್ ಆಗಿ ಆರು ವಾರವಾಯಿತು. ಕೂಡಿಕೊಂಡಿದ್ದ ಗಾಯದ ತುದಿಯಲ್ಲಿ ಗುಳ್ಳೆಯೆದ್ದು ಒಡೆದು, ದಾರದ ಎಳೆ ಕಾಣುತ್ತಿದೆ. ಕರಗುವ ಹೊಲಿಗೆ ಅಂದಿದ್ದರು. ಬದನೆಕಾಯಿ ತಿಂದು ನಂಜಾಯಿತೇ? ಎಳೆದು ತೆಗೆಯಲೇ?
– ಓದುಗರು, ಹಾಸನ

ಉತ್ತರ: ಪಾಪ, ಬದನೆಕಾಯಿಯ ತಪ್ಪಿಲ್ಲ. ಚರ್ಮದಡಿಗೆ ಹೆಚ್ಚಾಗಿ ಹಾಕುವುದು ವಿಕ್ರಿಲ್‌ನಂಥ ಹೆಣೆದ ದಾರ. ದೇಹದ ನೀರಿನಂಶವೇ ಅದನ್ನು ಒಡೆಯುತ್ತದೆ. ಮೂರು ವಾರಕ್ಕೆ ಬಲ ಸುಮಾರು ಅರ್ಧಕ್ಕಿಳಿದರೂ ಪೂರ್ತಿ ಕರಗಲು 56ರಿಂದ 70 ದಿನ ಬೇಕು. ಹಾಗಾಗಿ ಆರನೇ ವಾರದಲ್ಲಿ ದಾರ ಇನ್ನೂ ಒಳಗಿರುವುದು ಸಹಜ. ಗಂಟಿನಲ್ಲಿ ದಾರ ಒಂದೇ ಕಡೆ ಒತ್ತಾಗಿರುವುದರಿಂದ ಭಕ್ಷಕ ಕಣಗಳು (ಹೊರಗಿನ ವಸ್ತುವನ್ನು ನುಂಗಿಹಾಕುವ ರಕ್ಷಣಾ ಕಣಗಳು) ಅಲ್ಲೇ ಹೆಚ್ಚು ಮುತ್ತುತ್ತವೆ. ಗಂಟು ಚರ್ಮಕ್ಕೆ ತೀರಾ ಹತ್ತಿರವಿದ್ದರೆ ದೇಹ ಅದನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಗಂಟನ್ನು ಆಳಕ್ಕೆ ತಿರುಗಿಸಿ ಕಟ್ಟಿ, ತುದಿಯನ್ನು ಗಿಡ್ಡಗೆ ಕತ್ತರಿಸಬೇಕು ಅನ್ನುವುದು ಇದಕ್ಕೇ.

ನೀವೇ ಎಳೆಯಬೇಡಿ. ಮೇಲಿನ ತುಂಡು ಕಿತ್ತುಬಂದು ಗಂಟು ಒಳಗೇ ಉಳಿದರೆ ಕೀವು ಮತ್ತೆ ಮತ್ತೆ ಕಟ್ಟುತ್ತದೆ. ವೈದ್ಯರು ಚಿಮಟದಲ್ಲಿ ಎಳೆ ಹಿಡಿದು, ಗಂಟಿನ ಕೆಳಗೆ ಕತ್ತರಿಸಿ, ಗಂಟು ಸಮೇತ ತೆಗೆಯುತ್ತಾರೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ. ಜ್ವರ, ಹರಡುವ ಕೆಂಪು, ದುರ್ವಾಸನೆಯ ಕೀವು, ಬಾಯ್ಬಿಟ್ಟ ಗಾಯ – ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ರೇಷ್ಮೆ ನೈಸರ್ಗಿಕ. ನೈಲಾನ್‌ಗಿಂತ ದೇಹಕ್ಕೆ ಅದೇ ಒಗ್ಗುವುದಲ್ಲವೇ?
– ಓದುಗರು, ರಾಮನಗರ

ಉತ್ತರ: ರಾಮನಗರದವರಿಗೆ ಹೇಳಲು ಸಂಕೋಚ, ಆದರೆ ಉಲ್ಟಾ! ರೇಷ್ಮೆ ದೇಹಕ್ಕೆ ಪರಕೀಯ ಪ್ರೋಟೀನು. ಉರಿಯೂತ ನೈಲಾನ್, ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ ದಾರಗಳಿಗಿಂತ ಜಾಸ್ತಿ. ಜೊತೆಗೆ ಅದು ಹೆಣೆದ ದಾರ: ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಬ್ಯಾಕ್ಟೀರಿಯಾ ಎಳೆಗಳ ಸಂದಿಗೆ ನುಗ್ಗುತ್ತದೆ, ಹತ್ತು ಮೈಕ್ರಾನ್ ದಾಟುವ ಬಿಳಿ ರಕ್ತಕಣ ನುಗ್ಗಲಾರದು. 1957ರಲ್ಲಿ ಎಲೆಕ್ ಮತ್ತು ಕೊನೆನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲಿ ನೋಡಿದಾಗ, ಕೀವು ಕಟ್ಟಿಸಲು ಲಕ್ಷಗಟ್ಟಲೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಕಾಗಿತ್ತು. ರೇಷ್ಮೆ ಹೊಲಿಗೆ ಇದ್ದಲ್ಲಿ ಕೆಲವು ನೂರೇ ಸಾಕಾಗಿತ್ತು. ಹಾಗಂತ ರೇಷ್ಮೆ ಮೂಲೆಗುಂಪಾಗಿಲ್ಲ. ಅದರ ಗಂಟು ಮೂರು ಸುತ್ತಿಗೇ ಕೂರುತ್ತದೆ. ನುಣುಪಾದ ಪಾಲಿಪ್ರೊಪಿಲೀನ್‌ಗೆ ಐದಾರು ಸುತ್ತು ಬೇಕು, ಅದರ ತುದಿಯೂ ಚುಚ್ಚುತ್ತದೆ. ಬಾಯೊಳಗೆ ಮೆತ್ತನೆಯ ರೇಷ್ಮೆಯನ್ನು ಇಂದಿಗೂ ಬಳಸುವುದು ಅದಕ್ಕೇ.

ಪ್ರಶ್ನೆ: ಮುಖದ ಹೊಲಿಗೆ ಐದೇ ದಿನಕ್ಕೆ ಬಿಚ್ಚಿದರು. ಅವಸರವಾಯಿತೇ?
– ಓದುಗರು, ಶಿರಸಿ

ಉತ್ತರ: ಇಲ್ಲ, ಮುಖಕ್ಕೆ ಸುಮಾರು 5 ದಿನವೇ ಸರಿ. ತಲೆಗೆ 7ರಿಂದ 10, ಕೈಕಾಲಿಗೆ 10ರಿಂದ 14 ದಿನ. ತಡವಾದರೆ ಚರ್ಮದ ಮೇಲ್ಪದರ ದಾರದ ದಾರಿಗುಂಟ ಒಳಕ್ಕಿಳಿದು, ಗಾಯದ ಇಕ್ಕೆಲಗಳಲ್ಲಿ ಚುಕ್ಕೆ ಚುಕ್ಕೆಯ ಕಲೆ ಉಳಿಯುತ್ತದೆ.